ನೇತಾಡುವ ಕಾಲಿಗೊಂದು ಕಾಲುಮಣೆ: ಊಟದ ಕುರ್ಚಿ ದುರಸ್ತಿಯ ದಿನಚರಿ

ಮೇಜಿನ ಕೆಳಗೆ ಬಿದ್ದಿದ್ದ ಕ್ಯಾರೆಟ್ ಚೂರನ್ನು ಹೆಕ್ಕಲು ಬಗ್ಗಿದಾಗ ಈ ಕೆಲಸ ಶುರುವಾಯಿತು. ತಾನಾಗಿ ಬಿದ್ದದ್ದೇನಲ್ಲ, ಮಗಳು ಎಸೆದದ್ದು. ಕೆಳಗಿನಿಂದ ನೋಡಿದರೆ ಅವಳ ಎರಡೂ ಕಾಲು ಗಾಳಿಯಲ್ಲಿ ನೇತಾಡುತ್ತಿದ್ದವು. ಒಂದು ಪಾದ ಕುರ್ಚಿಯ ಅಡ್ಡಪಟ್ಟಿಯನ್ನು ತಡಕಾಡುತ್ತಿತ್ತು, ಅದು ಸಿಗುತ್ತಿರಲಿಲ್ಲ. ಇನ್ನೊಂದು ಮಡಚಿಕೊಂಡು ತೊಡೆಯಡಿಗೆ ಹೋಗುತ್ತಿತ್ತು, ಜಾರಿ ಮತ್ತೆ ಹೊರಗೆ ಬರುತ್ತಿತ್ತು. ಮೇಲಿನಿಂದ ಅವಳ ಅಮ್ಮನ ದನಿ ಕೇಳುತ್ತಿತ್ತು: "ನೆಟ್ಟಗೆ ಕೂತುಕೋ."

ಪೀಣ್ಯದಲ್ಲಿ ಯಂತ್ರಗಳ ದುರಸ್ತಿ ನನ್ನ ಹೊಟ್ಟೆಪಾಡು. ಲೇಥ್ ಅದುರುತ್ತಿದೆ ಎಂದು ಯಾರಾದರೂ ಕರೆದರೆ ನಾವು ಮೊದಲು ಗೇರ್‌ಪೆಟ್ಟಿಗೆಗೆ ಕೈಹಾಕುವುದಿಲ್ಲ. ಅಡಿಪಾಯದ ಬೋಲ್ಟ್ ನೋಡುತ್ತೇವೆ, ರಸಮಟ್ಟ ಇಟ್ಟು ಯಂತ್ರ ನೆಲಕ್ಕೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುತ್ತೇವೆ. ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿರುವವನು ಮನೆಯಲ್ಲಿ ಮಾತ್ರ ಎರಡು ವರ್ಷದಿಂದ ಗೇರ್‌ಪೆಟ್ಟಿಗೆಯನ್ನೇ ಬಿಚ್ಚುತ್ತ ಕೂತಿದ್ದೆ.

ಮಗಳಿಗೆ ನಾಲ್ಕು ವರ್ಷ ನಾಲ್ಕು ತಿಂಗಳು. ತಿನ್ನುವುದು ಮೊಸರನ್ನ, ಇಡ್ಲಿ, ಸಾದಾ ದೋಸೆ, ಬಾಳೆಹಣ್ಣು, ಸಬ್ಬಸಿಗೆ ಸೊಪ್ಪು ಹಾಕದ ಅಕ್ಕಿ ರೊಟ್ಟಿ. ಎಲ್ಲವೂ ಬಿಳಿ. ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಚಂದಮಾಮನನ್ನು ತೋರಿಸಿದ್ದಾಯಿತು, ಕಾಗೆಗೊಂದು ತುತ್ತು ಗುಬ್ಬಿಗೊಂದು ತುತ್ತು ಆಯಿತು, ಮೊಬೈಲ್ ಆಯಿತು, ಕೊನೆಗೆ "ಪಲ್ಯ ತಿಂದರೆ ಚಾಕೊಲೇಟ್" ಎಂಬ ಲಂಚವೂ ಆಯಿತು. ಲಂಚದಿಂದ ಚಾಕೊಲೇಟಿನ ಮೇಲಿನ ಪ್ರೀತಿ ಹೆಚ್ಚಿತು, ಪಲ್ಯದ ಮೇಲಿನ ಅನುಮಾನವೂ ಹೆಚ್ಚಿತು. ತಿಂದವರಿಗೆ ಬಹುಮಾನ ಕೊಡಬೇಕಾಗುವಷ್ಟು ಕೆಟ್ಟ ಪದಾರ್ಥ ಇದು ಎಂದು ಅವಳು ಲೆಕ್ಕ ಹಾಕಿರಬೇಕು. ಲೆಕ್ಕ ತಪ್ಪೇನಲ್ಲ.

ಮರಗೆಲಸಕ್ಕೆ ಇಳಿಯುವ ಮೊದಲು ಮಕ್ಕಳ ವೈದ್ಯರ ಬಳಿ ಹೋಗಿಬಂದೆವು. ಯಂತ್ರದ ಒಳಗೇ ದೋಷವಿದ್ದರೆ ಅಡಿಪಾಯ ಬಿಗಿದು ಫಲವಿಲ್ಲ. ತೂಕ 15 ಕಿಲೊ, ಎತ್ತರ 101 ಸೆಂ.ಮೀ.; ಬೆಳವಣಿಗೆಯ ನಕ್ಷೆಯಲ್ಲಿ ಗೆರೆ ತನ್ನ ಪಾಡಿಗೆ ಏರುತ್ತಿತ್ತು. ನುಂಗುವಾಗ ಕೆಮ್ಮುವುದು, ಉಸಿರುಗಟ್ಟುವುದು, ತೂಕ ಇಳಿಯುವುದು, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಕುಗ್ಗುವುದು, ಇವುಗಳಲ್ಲಿ ಒಂದಿದ್ದರೂ ಕುರ್ಚಿಯ ಮಾತು ಬದಿಗಿಟ್ಟು ಚಿಕಿತ್ಸೆ ನೋಡಬೇಕಿತ್ತು. ನಮ್ಮ ಮನೆಯಲ್ಲಿ ಅಂಥದ್ದಿರಲಿಲ್ಲ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟಾಗುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕಿಲೊ ಅಷ್ಟೇ. ಬೆಳವಣಿಗೆ ನಿಧಾನವಾದರೆ ಹಸಿವೂ ಇಳಿಯುತ್ತದೆ. ಗುರುತಿಲ್ಲದ ಪದಾರ್ಥವನ್ನು ಕಂಡರೆ ಅಂಜುವುದೂ ಇದೇ ವಯಸ್ಸಿನಲ್ಲಿ. ವೈದ್ಯರು ಬೊಟ್ಟು ಮಾಡಿದ್ದು ಹಾಲಿನ ಕಡೆಗೆ. ದಿನಕ್ಕೆ ಮೂರು ದೊಡ್ಡ ಲೋಟ, ಹತ್ತಿರ ಹತ್ತಿರ 700 ಮಿ.ಲೀ. ಹೋಗುತ್ತಿತ್ತು. 500 ದಾಟಬಾರದು ಎಂದರು. ಹಾಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. "ಊಟವಂತೂ ಮಾಡಲಿಲ್ಲ, ಒಂದು ಲೋಟ ಹಾಲಾದರೂ ಕುಡಿಯಲಿ" ಎಂಬ ನಮ್ಮ ಕನಿಕರವೇ ಮುಂದಿನ ಊಟಕ್ಕೆ ಕಲ್ಲು ಹಾಕುತ್ತಿತ್ತು.

ಅಳತೆ

ಡಿಸೆಂಬರ್ ಮೊದಲ ಶನಿವಾರ ಟೇಪು ಹಿಡಿದೆ. ಮೇಜಿನ ಎತ್ತರ 75 ಸೆಂ.ಮೀ., ಕುರ್ಚಿಯ ಆಸನದ ಎತ್ತರ 45, ಆಸನದ ಆಳ 42. ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ ಅಳೆದೆ. ಮಂಡಿಯ ಹಿಂಬದಿಯಿಂದ ಹಿಮ್ಮಡಿಗೆ 25, ಬೆನ್ನಿನಿಂದ ಮಂಡಿಯ ಹಿಂಬದಿಗೆ 28, ಕೂತಲ್ಲಿಂದ ಮಡಚಿದ ಮೊಣಕೈಗೆ 17. ಅಂದರೆ ನಮ್ಮ ಕುರ್ಚಿಯಲ್ಲಿ ಕೂತಾಗ ಅವಳ ಮೊಣಕೈ ನೆಲದಿಂದ 62ರಲ್ಲಿ, ತಟ್ಟೆ 75ರಲ್ಲಿ. ತಟ್ಟೆಯನ್ನು ಅವಳು ನೋಡುತ್ತಿದ್ದುದು ನಾವು ನೋಡುವಂತೆ ಮೇಲಿನಿಂದಲ್ಲ, ಹೆಚ್ಚುಕಡಿಮೆ ಅಂಚಿನಿಂದ. ಬೆನ್ನು ಒರಗಿಸಿದರೆ ಮಂಡಿ ಮಡಚಲು ಬರುವುದಿಲ್ಲ, ಮಂಡಿ ಮಡಚಿದರೆ ಬೆನ್ನಿಗೆ ಆಸರೆಯಿಲ್ಲ.

ಕಾಲು ನೇತಾಡುವುದು ಹೇಗಿರುತ್ತದೆ ಎಂದು ತಿಳಿಯಲು ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಹತ್ತಿ ಕೂತು ಒಂದು ತಟ್ಟೆ ಉಪ್ಪಿಟ್ಟು ತಿಂದೆ. ಐದನೇ ನಿಮಿಷಕ್ಕೆ ತೊಡೆಯ ಹಿಂಭಾಗ ಜುಮ್ಮೆನ್ನತೊಡಗಿತು. ನನಗೆ ಗೊತ್ತಾಗದಂತೆಯೇ ಹಿಂದೆ ಮುಂದೆ ಸರಿಯುತ್ತಿದ್ದೆ. "ಕಟ್ಟೆಯ ಮೇಲೆ ಯಾರಾದರೂ ಕೂರುತ್ತಾರೆಯೇ, ಇಳಿ" ಎಂದು ಅಮ್ಮ ಬೈದರು. ಮಗಳು ಬಾಗಿಲಲ್ಲಿ ನಿಂತು ಬಹಳ ಸಂತೋಷದಿಂದ ನೋಡಿದಳು.

ಸೊಂಟ, ಮಂಡಿ, ಕಣಕಾಲು ಮೂರೂ ಲಂಬಕೋನದಲ್ಲಿರಬೇಕು, ಪಾದ ಪೂರ್ತಿ ಊರಿರಬೇಕು ಎಂಬುದು ಮಕ್ಕಳ ಊಟದ ತೊಂದರೆಗಳನ್ನು ನೋಡುವ ಚಿಕಿತ್ಸಕರ ಸಾಮಾನ್ಯ ಸೂತ್ರ. ಮೈ ಸಮತೋಲದಲ್ಲಿದ್ದರೆ ಕೈಗೂ ದವಡೆಗೂ ಬಿಡುವು. ಇಲ್ಲದಿದ್ದರೆ ಬೀಳದೆ ಕೂರುವುದೇ ಒಂದು ಕೆಲಸ, ಅಗಿಯುವುದು ಎರಡನೆಯದು. ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ 1972ರಲ್ಲೇ ತಮ್ಮ ಮಗ ದೊಡ್ಡವರ ಮೇಜಿನ ಮುಂದೆ ಕಾಲು ನೇತುಹಾಕಿಕೊಂಡು ಒದ್ದಾಡುವುದನ್ನು ಕಂಡು, ಆಸನ ಮತ್ತು ಕಾಲುಹಲಗೆ ಎರಡನ್ನೂ ಏರಿಸಿ ಇಳಿಸಬಹುದಾದ ಕುರ್ಚಿ ಮಾಡಿದರು. ಟ್ರಿಪ್ ಟ್ರ್ಯಾಪ್ ಎಂದು ಅದರ ಹೆಸರು. ಇವತ್ತಿಗೂ ಮಾರಾಟಕ್ಕಿದೆ. ಬೆಲೆ ನೋಡಿ ಮೊಬೈಲ್ ಕೆಳಗಿಟ್ಟು ಗರಗಸ ಹುಡುಕಿದೆ.

ಮಣೆಯ ಸಂಧಾನ

ನೆಲದ ಮೇಲೆ ಮಣೆ ಹಾಕಿಕೊಂಡು ಉಣ್ಣುತ್ತಿದ್ದ ಕಾಲದಲ್ಲಿ ಯಾವ ಮಗುವಿನ ಕಾಲೂ ನೇತಾಡುತ್ತಿರಲಿಲ್ಲ. ಹಾಗಾದರೆ ಎಲ್ಲರೂ ನೆಲಕ್ಕೇ ಮರಳಬಹುದಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಅಮ್ಮನಿಗೆ ಮಂಡಿನೋವು, ಕೆಳಗೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅಜ್ಜಿ ಮೇಲೆ, ಮೊಮ್ಮಗಳು ಕೆಳಗೆ ಎಂದಾದರೆ ಒಟ್ಟಿಗೆ ಉಣ್ಣುವುದು ಹೋಗುತ್ತದೆ. ಆದ್ದರಿಂದ ಮಣೆಯನ್ನೇ ಮೇಜಿನ ಎತ್ತರಕ್ಕೆ ಏರಿಸುವುದೆಂದು ತೀರ್ಮಾನವಾಯಿತು.

ಅಟ್ಟದಲ್ಲಿ ನಮ್ಮಜ್ಜಿಯ ಕಾಲದ ಹಲಸಿನ ಮಣೆ ಇತ್ತು. ಉದ್ದ 40, ಅಗಲ 25, ಕೆಳಗಿನ ಎರಡು ಪಟ್ಟಿಗಳೂ ಸೇರಿ ಎತ್ತರ 6 ಸೆಂ.ಮೀ. ಹಲಸಿನ ಹಳದಿ ಕಾಲಕ್ರಮದಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಡುವೆ ತಲೆಮಾರುಗಳು ಕೂತು ಸವೆದ ಸಣ್ಣ ತಗ್ಗು. 25 ಅಗಲವೆಂದರೆ ಮಗಳ ತೊಡೆಗೆ ಹೇಳಿ ಮಾಡಿಸಿದ್ದು: ಮಂಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲುತ್ತದೆ.

ಅಮ್ಮ ಎರಡು ಷರತ್ತು ಹಾಕಿದರು. ಮಣೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು. ಮಣೆಯನ್ನು ಕಾಲಿಡಲು ಬಳಸಕೂಡದು.

"ಹಸೆಮಣೆಯ ಮೇಲೆ ನಾನು ನಿಂತಿರಲಿಲ್ಲವೇ?"

"ಅದು ಮದುವೆ. ಇದು ಊಟ."

ಷರತ್ತಿನಿಂದ ವಿನ್ಯಾಸ ಸುಧಾರಿಸಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮೊಳೆ ಇಲ್ಲದ ಕಾರಣ ಮಣೆಯನ್ನು ಎತ್ತಿ ತೊಳೆಯಬಹುದು.

ಸಾಮಾನು

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ 18 ಮಿ.ಮೀ. ಪ್ಲೈವುಡ್‌ನ ಉಳಿಕೆ ತುಂಡುಗಳು ಸಿಕ್ಕವು. ನೀರು ತಡೆಯುವ ದರ್ಜೆಯದೇ ಬೇಕೆಂದು ಐಎಸ್ 710 ಮುದ್ರೆ ನೋಡಿ ಆರಿಸಿದೆ. ಸಾರು ಚೆಲ್ಲುವ ಜಾಗ. ಅದರ ಜೊತೆಗೆ ಎರಡೂವರೆ ಸೆಂ.ಮೀ. ದಪ್ಪದ ಹೊನ್ನೆ ಪಟ್ಟಿ. "ಬೀರುವಿಗೋ, ಬಾಗಿಲಿಗೋ?" ಎಂದು ಅಂಗಡಿಯವರು ಕೇಳಿದರು. "ಮಗು ಊಟ ಮಾಡುವುದಿಲ್ಲ, ಅದಕ್ಕೆ" ಎಂದೆ. ಅವರು ಮುಂದೇನೂ ಕೇಳಲಿಲ್ಲ. ಬೋಲ್ಟು, ವಾಷರ್, 8 ನಂಬರಿನ ಒಂದೂವರೆ ಇಂಚಿನ ಸ್ಕ್ರೂಗಳಿಗೆ ಕೆಲಸ ಮುಗಿಸಿ ಬರುವಾಗ ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಕುಂಬಾರಪೇಟೆಗೆ ನಡೆದೆ. ಎಲ್ಲ ಸೇರಿ 1,140 ರೂಪಾಯಿ.

ಕೀಲು

ನಾಲ್ಕು ತೇಗದ ಕುರ್ಚಿಗಳಲ್ಲಿ ಹಿಂದಿನ ಬಲಗಾಲು ಅಲುಗಾಡುತ್ತಿದ್ದ ಒಂದು ಮೂಲೆ ಸೇರಿತ್ತು. ಅದನ್ನೇ ತೆಗೆದುಕೊಂಡೆ. ಸಂದನ್ನು ಬಿಚ್ಚಿ ನೋಡಿದರೆ ಹಳೆಯ ಅಂಟು ಗಾಜಿನಂತೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಒಣಗಿದ ಅಂಟಿನ ಮೇಲೆ ಹೊಸ ಅಂಟು ಕಚ್ಚುವುದಿಲ್ಲ; ಮರ ಕಾಣುವವರೆಗೆ ಉಳಿಯಿಂದ ಕೆರೆಯಲೇಬೇಕು. ಕೆರೆದು ಫೆವಿಕಾಲ್ ಹಚ್ಚಿ ಸೇರಿಸಿದೆ. ಇಷ್ಟು ದೊಡ್ಡ ಕ್ಲ್ಯಾಂಪ್ ನನ್ನಲ್ಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದು ಎಳೆದು ಸುತ್ತಿದರೆ ಕ್ಲ್ಯಾಂಪಿಗಿಂತ ಚೆನ್ನಾಗಿಯೇ ಹಿಡಿಯುತ್ತದೆ. ಧನುರ್ಮಾಸದ ಥಂಡಿಗೆ ಅಂಟು ಒಣಗುವುದು ತಡ. 24 ಗಂಟೆಯ ಬದಲು 36 ಗಂಟೆ ಬಿಟ್ಟೆ.

ಮೊದಲ ಕಾಲುಮಣೆ, ಮೊದಲ ಮುಗ್ಗರಿಕೆ

ಲೆಕ್ಕ ಹೀಗಿತ್ತು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕಾದರೆ ಆಸನ 58ಕ್ಕೆ ಏರಬೇಕು. ಈಗಿರುವುದು 45, ಮಣೆ 6, ಉಳಿದ 7 ಸೆಂ.ಮೀ.ಗೆ ಮರದ ದಿಮ್ಮಿ. ಆಸನಕ್ಕಿಂತ 25 ಕೆಳಗೆ, ಅಂದರೆ ನೆಲದಿಂದ 33ರಲ್ಲಿ, ಕಾಲುಮಣೆ. ಮುಂಗಾಲುಗಳ ಒಳಬದಿಗೆ ಎರಡು ಪ್ಲೈವುಡ್ ಕೆನ್ನೆಗಳನ್ನು ಬಿಗಿದು, 4 ಸೆಂ.ಮೀ. ಅಂತರದಲ್ಲಿ ಮೂರು ಜೊತೆ ತೂತು ಕೊರೆದೆ. ಅವಳು ಬೆಳೆದಂತೆ ಹಲಗೆ ಇಳಿಯುತ್ತ ಹೋಗಲಿ ಎಂದು. ಹಲಗೆ ಮುಂದಕ್ಕೆ 20 ಸೆಂ.ಮೀ. ಚಾಚಿತ್ತು. ನಾಲ್ಕು ವರ್ಷದ ಪಾದ 16, ಸ್ವಲ್ಪ ಸಡಿಲ ಬೇಕಲ್ಲ. ದಿಮ್ಮಿಗಳ ಮೇಲೆ ಸಣ್ಣ ಅಡ್ಡಪಟ್ಟಿಗಳನ್ನು ಹಾಕಿ ಮಣೆಯ ಎರಡು ಪಟ್ಟಿಗಳು ಅವುಗಳ ನಡುವೆ ಕಚ್ಚಿ ಕೂರುವಂತೆ ಮಾಡಿದೆ. ಮಣೆಯ ಹಿಂದೆ ಉಳಿದ 17 ಸೆಂ.ಮೀ. ಖಾಲಿಯನ್ನು ತುಂಬಲು ಒಂದು ಬೆನ್ನುಹಲಗೆ, ಅದಕ್ಕೆ ಆಚೀಚೆ ಗಿಡ್ಡ ಕೈಗಳು.

ಭಾನುವಾರ ಹತ್ತು ಗಂಟೆ ಕಳೆದ ಮೇಲೆಯೇ ಡ್ರಿಲ್ ಹಾಕಿದೆ. ಬೆಂಗಳೂರಿನಲ್ಲಿ ಕೆಳಮನೆಯವರ ಸ್ನೇಹ ಉಳಿಯಬೇಕಾದರೆ ಇದೊಂದು ವ್ರತ.

ಮಧ್ಯಾಹ್ನ ಕುರ್ಚಿ ಚೆಂದ ಕಂಡಿತು. ಮಗಳನ್ನು ಕರೆಯುವ ಮೊದಲು 10 ಕಿಲೊ ಅಕ್ಕಿಯ ಚೀಲವನ್ನು ಕಾಲುಮಣೆಯ ಅಂಚಿಗೆ ಇಟ್ಟೆ. ಕುರ್ಚಿ ಒಂದು ಕ್ಷಣ ಯೋಚಿಸಿ, ಸಾಷ್ಟಾಂಗ ನಮಸ್ಕಾರ ಹಾಕುವವರಂತೆ ಮುಂದಕ್ಕೆ ಮಗುಚಿತು. ಚೀಲ ಒಡೆಯಿತು. ಸೋನಾ ಮಸೂರಿ ಸೋಫಾದ ಅಡಿಯವರೆಗೂ ಹರಿಯಿತು.

ಕಾರಣ ನಾಚಿಕೆಪಡಬೇಕಾದಷ್ಟು ಸರಳ. ಕುರ್ಚಿಯ ಭಾರ ಸುಮಾರು 7 ಕಿಲೊ, ಅದರ ಗುರುತ್ವಕೇಂದ್ರ ಮುಂಗಾಲಿಗಿಂತ 20 ಸೆಂ.ಮೀ. ಹಿಂದೆ: ಭಾರವನ್ನು ದೂರದಿಂದ ಗುಣಿಸಿದರೆ 140. ಅಕ್ಕಿ 10 ಕಿಲೊ, ಮುಂಗಾಲಿಗಿಂತ 18 ಸೆಂ.ಮೀ. ಮುಂದೆ: 180. ಮಗು ಕೂತಿದ್ದಾಗ ಏನೂ ಆಗುವುದಿಲ್ಲ. ಆದರೆ ಯಾವ ಮಗುವೂ ಕುರ್ಚಿಗೆ ನೇರವಾಗಿ ಕೂರುವುದಿಲ್ಲ, ಕಾಲುಮಣೆಯ ಮೇಲೆ ಹತ್ತಿ ನಿಲ್ಲುತ್ತದೆ. ಇಂಥದ್ದನ್ನು ಯಾರಾದರೂ ಮಾಡಲು ಹೊರಟರೆ ಉಳಿದದ್ದೆಲ್ಲ ಮರೆತರೂ ಈ ಒಂದು ಪರೀಕ್ಷೆಯನ್ನು ಮರೆಯಬೇಡಿ: ಅಂಚಿನಲ್ಲಿ ಭಾರ ಇಟ್ಟು ನೋಡದೆ ಮಗುವನ್ನು ಹತ್ತಿಸಬೇಡಿ.

ಪರಿಹಾರಕ್ಕೆ ಎರಡು ಅಡಿಪಟ್ಟಿಗಳು. ಹೊನ್ನೆ ಪಟ್ಟಿಯನ್ನು 70 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎಡಗಾಲುಗಳಿಗೊಂದು ಬಲಗಾಲುಗಳಿಗೊಂದು ಜಾರುಬಂಡಿಯಂತೆ ಕೆಳಗೆ ಬಿಗಿದೆ. ಮುಂದೆ 22 ಸೆಂ.ಮೀ. ಚಾಚಿದೆ, ಹಿಂದೆ 6. ಈಗ ಕಾಲುಮಣೆಯ ಅಂಚೂ ಅಡಿಪಟ್ಟಿಯ ತುದಿಗಿಂತ ಒಳಗೇ ಇರುವುದರಿಂದ ಅಲ್ಲಿ ಎಷ್ಟು ಭಾರ ಬಿದ್ದರೂ ಕುರ್ಚಿ ಮುಂದಕ್ಕೆ ಮಗುಚುವುದಿಲ್ಲ. ಹಿಂದಿನ 6 ಸೆಂ.ಮೀ. ಮೇಜನ್ನು ಕಾಲಿನಿಂದ ಒದೆಯುವವರಿಗಾಗಿ. 20 ಕಿಲೊ ಇಟ್ಟು ಕುಲುಕಿ ನೋಡಿದೆ, ಅಲುಗಲಿಲ್ಲ.

ಅಡಿಪಟ್ಟಿಯ ದಪ್ಪ ಎರಡೂವರೆ ಸೆಂ.ಮೀ. ಎಂಬುದನ್ನು ಮಾತ್ರ ಮರೆತಿದ್ದೆ. ಇಡೀ ಕುರ್ಚಿ ಅಷ್ಟು ಮೇಲೇರಿ ಮಗಳ ತೊಡೆ ಮೇಜಿನ ಅಂಚುಪಟ್ಟಿಗೆ ಸಿಕ್ಕಿಕೊಂಡಿತು. ದಿಮ್ಮಿಗಳನ್ನು 7ರಿಂದ ನಾಲ್ಕೂವರೆಗೆ ಇಳಿಸಿ, ಕಾಲುಮಣೆಗೆ ಇನ್ನೊಂದು ಜೊತೆ ತೂತು ಕೊರೆದೆ. ಬೇಡದ ತೂತುಗಳು ಹಾಗೇ ಇವೆ. ಮಗಳು ಅವುಗಳಲ್ಲಿ ಕ್ರೇಯಾನ್ ಇಡುತ್ತಾಳೆ.

ಉಪ್ಪುಕಾಗದ 80, 120, 220 ಎಂದು ಮೂರು ಸುತ್ತು. ಪ್ಲೈವುಡ್ ಅಂಚನ್ನು ಅಂಗೈಯಿಂದ ಸವರಿ ಎಲ್ಲೂ ಚುಚ್ಚುವುದಿಲ್ಲ ಎಂದಾಗುವವರೆಗೆ ಉಜ್ಜಬೇಕು. ಬಣ್ಣ ಬೇಡವೆಂದು ಅರಗಿನ ಪಾಲಿಶ್ ಹಚ್ಚಿದೆ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ, ಮಗು ಕಚ್ಚಿದರೂ ಹೆದರಿಕೆಯಿಲ್ಲ ಎಂಬ ಧೈರ್ಯ. ಅರಗಿಗೆ ಬಿಸಿ ಆಗದು ಎಂಬುದು ಮೂರನೇ ದಿನ ಸಾರು ಚೆಲ್ಲಿದಾಗ ತಿಳಿಯಿತು: ಬೆನ್ನುಹಲಗೆಯ ಒಂದು ಕೈಯ ಮೇಲೆ ಬೆಳ್ಳಗೆ ಒಂದು ಮಚ್ಚೆ. ಅದನ್ನು ತೆಗೆಯಲು ಹೋಗಿಲ್ಲ. ಮಣೆಗೆ ಏನನ್ನೂ ಹಚ್ಚಲಿಲ್ಲ.

ನಮ್ಮ ಕುರ್ಚಿಗೆ ಬೆಲ್ಟ್ ಇಲ್ಲ. ನಾಲ್ಕು ದಾಟಿದ, ತಾನೇ ಹತ್ತಿ ಇಳಿಯುವ ಮಗುವಿಗೆ ಆದೀತು. ಒಂದೂವರೆ ವರ್ಷದ ಕೂಸಿಗೆ ಬೆಲ್ಟ್ ಇಲ್ಲದೆ ಇಂಥದ್ದನ್ನು ಕೊಡಬಾರದು.

ಕೂತ ಮೇಲೆ

ಮೊದಲ ರಾತ್ರಿ ಅವಳು ಹತ್ತಿದಳು, ಎರಡೂ ಪಾದವನ್ನು ಹಲಗೆಗೆ ಧಡಧಡ ಬಡಿದಳು, ಮೊಸರನ್ನ ತಿಂದಳು. ಅದೇ ಮೊಸರನ್ನ. ಹುರುಳಿಕಾಯಿ ಪಲ್ಯದತ್ತ ತಿರುಗಿಯೂ ನೋಡಲಿಲ್ಲ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ. ಹಿಂದೆಲ್ಲ ನಾಲ್ಕು ನಿಮಿಷಕ್ಕೆ ಕೆಳಗಿಳಿಯುತ್ತಿದ್ದವಳು ಹನ್ನೊಂದು ನಿಮಿಷ ಕೂತಿದ್ದಳು. ಅದುರುವುದು ನಿಂತಿತ್ತು. ಕುರ್ಚಿಯಿಂದ ಆಗುವ ಕೆಲಸ ಅಷ್ಟೇ.

ಉಳಿದ ದುರಸ್ತಿ ನಮ್ಮದು, ಅದು ಪ್ಲೈವುಡ್‌ಗಿಂತ ಗಟ್ಟಿ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳುವ ಒಂದು ಹಂಚಿಕೆಯಿದೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು, ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನ ಪಾಲು. ಕೇಳಲು ಸುಲಭ. ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆ ಮೂರು ಗಂಟೆ ನೀರು ಬಿಟ್ಟು ಏನೂ ಇಲ್ಲ. ಪಾತ್ರೆಗಳು ಮೇಜಿನ ನಡುವೆ. ಅವಳು ತಾನೇ ಬಡಿಸಿಕೊಳ್ಳುತ್ತಾಳೆ. ಅವಳಿಗೆ ಗೊತ್ತಿರುವ ಒಂದು ಪದಾರ್ಥ ಪ್ರತಿ ಊಟದಲ್ಲೂ ಇರುತ್ತದೆ, ಆದ್ದರಿಂದ ಉಪವಾಸದ ಪ್ರಶ್ನೆಯಿಲ್ಲ. ನಾವು ಬಾಯಿಗೆ ಬೀಗ ಹಾಕಿಕೊಳ್ಳಬೇಕು: "ಒಂದೇ ಒಂದು ತುತ್ತು" ಇಲ್ಲ, "ಜಾಣಮರಿ" ಇಲ್ಲ, "ಪಕ್ಕದ ಮನೆಯ ಹುಡುಗ ನೋಡು" ಅಂತೂ ಇಲ್ಲವೇ ಇಲ್ಲ. ಮೊದಲ ವಾರ ಅಮ್ಮ ಇದನ್ನು ಅಕ್ಷರಶಃ ಸೆರಗು ಬಾಯಿಗೊತ್ತಿಕೊಂಡು ಪಾಲಿಸಿದರು.

ಹೊಸ ರುಚಿಗೆ ಒಗ್ಗಿಕೊಳ್ಳಲು ಮಗುವಿಗೆ ಹತ್ತು ಹದಿನೈದು ಸಲ ಅದರ ಭೇಟಿ ಆಗಬೇಕಾಗುತ್ತದೆ. ನಾವು ಎರಡು ಮೂರು ಸಲಕ್ಕೇ "ಇದು ಅವಳಿಗೆ ಆಗುವುದಿಲ್ಲ" ಎಂದು ಬರೆದುಹಾಕುತ್ತಿದ್ದೆವು. ಈಗ ಕಾಲುಮಣೆಯ ಅಡಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಇಡುತ್ತೇನೆ. ಮೇಜಿಗೆ ಬಂದರೆ ಒಂದು ಗೆರೆ. ಮುಟ್ಟಿದರೆ ಗೆರೆಗೆ ಕೊಂಬು. ಬಾಯಿಗೆ ಹೋದರೆ ಸುತ್ತ ವೃತ್ತ. ಕಾರ್ಖಾನೆಯಲ್ಲಿ ಬೇರಿಂಗ್‌ಗಳಿಗೆ ಗ್ರೀಸ್ ಹಾಕಿದ ಲೆಕ್ಕವೂ ಹೀಗೇ ಇರುತ್ತದೆ.

ಹಿತಕಿದ ಬೇಳೆ

ಡಿಸೆಂಬರ್ ಕೊನೆಯ ಶನಿವಾರ ಗಾಂಧಿ ಬಜಾರಿನಿಂದ ಎರಡು ಕಿಲೊ ಅವರೆಕಾಯಿ ತಂದೆ. ಸೊಗಡಿನ ಕಾಯಿ, ಚೀಲ ಮುಟ್ಟಿದ ಕೈ ಸಂಜೆಯವರೆಗೆ ಘಮ್ಮೆನ್ನುತ್ತಿತ್ತು. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಮೇಜಿನ ನಡುವೆ ಬೋಗುಣಿ ಇಟ್ಟೆವು. ಎಲ್ಲರೂ ಸುತ್ತ ಕೂತು ಹಿತಕತೊಡಗಿದೆವು.

ಮಗಳಿಗೆ ಯಾರೂ ಏನೂ ಹೇಳಲಿಲ್ಲ. ಎರಡು ನಿಮಿಷ ನೋಡಿದಳು. ಒಂದು ಕಾಳು ತೆಗೆದುಕೊಂಡಳು. ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಸುಕಿದಳು. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಿಮ್ಮಿ ಅಜ್ಜಿಯ ಕನ್ನಡಕಕ್ಕೆ ಬಡಿಯಿತು. ಆಮೇಲೆ ಅವಳನ್ನು ನಿಲ್ಲಿಸುವವರಿಲ್ಲ. ಪಾದ ಹಲಗೆಗೆ ಊರಿ, ಮುಂದಕ್ಕೆ ಬಾಗಿ, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ನಲವತ್ತು ನಿಮಿಷ ಹಿತಕಿದಳು. ಬೋಗುಣಿಗೆ ಬಿದ್ದದ್ದು ಅರ್ಧ, ನೆಲಕ್ಕೆ ಅರ್ಧ. ನಡುವೆ ಒಂದು ಬೇಳೆಯನ್ನು ಬಾಯಿಯ ಹತ್ತಿರ ತಂದಳು. ಹಸಿ ಅವರೆ ತಿನ್ನುವಂಥದ್ದಲ್ಲ, ಬೆಂದ ಮೇಲೆ ಎಂದೆ. ಬೇಡವೆಂದದ್ದಕ್ಕೇ ಏನೋ, ಆಸಕ್ತಿ ಹೆಚ್ಚಾದಂತೆ ಕಂಡಿತು.

ರಾತ್ರಿ ಹಿತಕಿದ ಬೇಳೆ ಸಾರು, ರಾಗಿ ಮುದ್ದೆ. ಅವಳು ತನ್ನ ಮೊಸರನ್ನ ಬಡಿಸಿಕೊಂಡಳು. ಆಮೇಲೆ ಸೌಟು ಎತ್ತಿ ಸಾರಿನಿಂದ ಒಂದೇ ಒಂದು ಬೇಳೆ ಹಿಡಿದಳು. ನೀರಿನ ಲೋಟದಲ್ಲಿ ಅದ್ದಿ ಮಸಾಲೆ ತೊಳೆದಳು. ದೀಪಕ್ಕೆ ಹಿಡಿದು ನೋಡಿದಳು. ಮುಂಹಲ್ಲಿನಿಂದ ಅರ್ಧ ಕಚ್ಚಿದಳು, ಉಳಿದರ್ಧವನ್ನು ನನ್ನ ತಟ್ಟೆಯ ಅಂಚಿಗೆ ಇಟ್ಟಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಉಪ್ಪಿನಕಾಯಿ ಕೇಳಿದೆ. ಮಲಗುವ ಮುನ್ನ ಕಾಲುಮಣೆಯನ್ನು ತಲೆಕೆಳಗು ಮಾಡಿ ಅವರೆಯ ಮುಂದೆ ಅರ್ಧ ವೃತ್ತ ಬರೆದೆ.

ಸಂಕ್ರಾಂತಿಯ ಹೊತ್ತಿಗೆ ಲೆಕ್ಕ ಹೀಗಿದೆ: ಅವರೆಬೇಳೆ ಹನ್ನೆರಡು ಗೆರೆ, ಐದು ವೃತ್ತ, ಇನ್ನೂ ತೊಳೆದೇ ತಿನ್ನುತ್ತಾಳೆ. ಕ್ಯಾರೆಟ್ ಒಂಬತ್ತು ಗೆರೆ, ನಾಲ್ಕು ಕೊಂಬು, ವೃತ್ತವಿಲ್ಲ. ಮೆಂತ್ಯ ಸೊಪ್ಪು ಏಳು ಗೆರೆ, ಬರೀ ಗೆರೆ. ಎಳ್ಳು ಬೆಲ್ಲದಲ್ಲಿ ಕೊಬ್ಬರಿ ಚೂರುಗಳನ್ನು ಆರಿಸಿ ತಿಂದಳು; ಅದೂ ಬಿಳಿ, ಎಣಿಸಲಿಲ್ಲ. ಹುರಿದ ಕಡಲೆಬೀಜವನ್ನು ನಾವೇ ಕುಟ್ಟಿ ಪುಡಿ ಮಾಡಿ ಕೊಟ್ಟೆವು. ಇಷ್ಟು ಚಿಕ್ಕವರಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ನಿನ್ನೆ ರಾತ್ರಿ ಚಮಚ ಬೀಳಿಸಿಕೊಂಡು ಅವಳು ತಾನೇ ಇಳಿದು ಮೇಜಿನ ಕೆಳಗೆ ಹೋದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಲ್ಲಿಂದಲೇ ದನಿ ಬಂತು: "ಅಪ್ಪಾ, ಅಜ್ಜಿಯ ಕಾಲೂ ನೇತಾಡುತ್ತಿದೆ."

ಬಗ್ಗಿ ನೋಡಿದೆ. ಹೌದು. ಅಮ್ಮ ಗಿಡ್ಡ, ಹಿಮ್ಮಡಿ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಮಂಡಿನೋವಿನವರು ಹತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಹೀಗೇ ಕೂತು ಉಣ್ಣುತ್ತಿದ್ದಾರೆ. ಟೇಪು ತಂದು ಅಳೆದೆ: ಮಂಡಿಯಿಂದ ಹಿಮ್ಮಡಿಗೆ 38. ಏಳು ಸೆಂ.ಮೀ. ಎತ್ತರದ ಹಲಗೆ ಸಾಕು. ಪ್ಲೈವುಡ್ ಉಳಿದಿದೆ, ಅರಗೂ ಉಳಿದಿದೆ. ಭಾನುವಾರ, ಹತ್ತು ಗಂಟೆ ಕಳೆದ ಮೇಲೆ.